ಷರಾ

ಕೌಂಟಿ ಕಚೇರಿಯ ಹೀಟರು ಮಾರ್ಚಿನಲ್ಲೂ ಕೆಮ್ಮುತ್ತಿತ್ತು.
ತೌನೋ ರಾಸಿಲಾ ಬಂದು, ಬೂಟಿಗಂಟಿದ ಹಿಮ ಕೊಡವಿ,
ಟೋಪಿಯನ್ನು ಮಂಡಿಗೆ ತೊಡಿಸಿ ಕೂತರು.
ತೊಂಬತ್ತೊಂದು ವರ್ಷ. ಮಿಶಿಗನ್ನಿನ ತಾಮ್ರದ ಗಣಿ
ತಿಂದುಳಿಸಿದ ಕಿವಿ.

"ಏನೋ ಒಂದು ಬಿಟ್ಟುಹೋಗಿದೆಯಂತೆ. ಮಗಳ ಹಟ."

ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲೇ ಹರಿದ
ಬಿಡುಗಡೆ ಪತ್ರ. ಟೇಪು ಹಚ್ಚಿತ್ತು, ಟೇಪೂ ಹಳದಿ.
ಹೆಸರು ಸರಿ. ಹುಟ್ಟಿದ ದಿನ ಸರಿ. ಕೊರಿಯಾ, ಸರಿ.
ಕಸುಬು: ಅಡುಗೆಯವನು.
ಪದಕಗಳ ಸಾಲಿನಲ್ಲಿ ಎರಡು,
ಅಲ್ಲಿಗೆ ಹೋದವರಿಗೆಲ್ಲ ಕೊಟ್ಟಂಥವು.

"ಅಡುಗೆಯವರಿಗೆ ಕದನದ ಬಿಲ್ಲೆ ಬರುವುದಿಲ್ಲವಲ್ಲ," ಎಂದೆ.

"ಬರೀ ಅಡುಗೆ ಜನವರಿವರೆಗೆ.
ಆಮೇಲೆ ನಮ್ಮ ತುಕಡಿಯ ವೈದ್ಯ ಹುಡುಗ ಹೋದ.
ಅವನ ಚೀಲ ಯಾರಾದರೂ ಹೊರಬೇಕಿತ್ತು.
ನಾನು ಹತ್ತಿರ ನಿಂತಿದ್ದೆ."

ಇಪ್ಪತ್ತು ವರ್ಷದಿಂದ ಈ ಮೇಜಿನ ಹಿಂದೆ ಕೂತವಳು ನಾನು,
ಶೌರ್ಯಕ್ಕೆ ಇಷ್ಟು ಚಿಕ್ಕ ಕಾರಣ ಯಾರೂ ಕೊಟ್ಟಿರಲಿಲ್ಲ.

ಸೇಂಟ್ ಲೂಯಿಸಿಗೆ ಬರೆದೆ. ಅಲ್ಲಿಂದ ಬಂದದ್ದು
ಎಪ್ಪತ್ತಮೂರರ ಬೆಂಕಿ ಮೇದು ಬಿಟ್ಟ ಕಡತದ ನಕಲು.
ಅಂಚೆಲ್ಲ ಕರಿ. ನಡುವೆ ಹಲ್ಲುಗಳ ಲೆಕ್ಕ,
ಬೂಟಿನ ಅಳತೆ, ಒಂದು ಹಲ್ಲು ಕಿತ್ತ ದಿನಾಂಕ.
ಚೀಲದ ಮಾತೇ ಇಲ್ಲ.
ತಿದ್ದುಪಡಿಗೆ ಅರ್ಜಿ ಹಾಕಿದೆವು. ಏಳು ತಿಂಗಳ ಮೇಲೆ
ಒಂದೇ ಸಾಲು: ಆಧಾರ ಸಾಲದು.

ಹುಡುಕಿ ಹುಡುಕಿ ಅರ್ಕಾನ್ಸಾದಲ್ಲಿ
ಡೆಲ್ಮರ್ ಸ್ಟ್ರೌಡ್ ಸಿಕ್ಕರು. ಫೋನಿನ ತುಂಬ
ಆಮ್ಲಜನಕದ ನಳಿಗೆಯ ಸದ್ದು, ನಡುನಡುವೆ ಮನುಷ್ಯ.
"ಹೆಸರು ಗೊತ್ತಿಲ್ಲಮ್ಮ. ಮುಖ ಕಾಣಲಿಲ್ಲ, ಕತ್ತಲೆ.
ತೊಡೆಗೆ ಪಟ್ಟಿ ಬಿಗಿದ ಕೈ ಮಾತ್ರ ನೆನಪಿದೆ.
ಈರುಳ್ಳಿ ನಾರುತ್ತಿತ್ತು.
ಸತ್ತು ನೆಟ್ಟಗೆ ಅಮ್ಮನ ಅಡುಗೆಮನೆಗೇ
ಬಂದೆನೇನೋ ಅಂದುಕೊಂಡೆ."

ಈರುಳ್ಳಿಗೆ ಅರ್ಜಿಯಲ್ಲಿ ಕಾಲಂ ಇಲ್ಲ.
ಷರಾ ಎಂದಿದ್ದಲ್ಲಿ ಬರೆದೆ.
ಅಲ್ಲಿಯ ನೋಟರಿಯಿಂದ ಮೊಹರು ಒತ್ತಿಸಿ ತರಿಸಿದೆ.
ನಮ್ಮ ಸಾಹೇಬ ಕನ್ನಡಕ ಏರಿಸಿ, ಇದೇನಿದು ಎಂದ.
ಇರಲಿ ಎಂದೆ.

ಅಷ್ಟರಲ್ಲಿ ಮಗಳು ಸೌನಾದ ಅಟ್ಟದಿಂದ
ಬಿಸ್ಕತ್ತಿನ ಡಬ್ಬಿಯೊಂದನ್ನು ಇಳಿಸಿದ್ದಳು.
ತಾಯಿ ಹಿಲ್ಮಾಗೆ ಬರೆದ ಕಾಗದ, ಪೆನ್ಸಿಲಿನದು,
ಫಿನ್ನಿಷ್ ನುಡಿ. ಚರ್ಚಿನ ಮುದಿ ಪಾದ್ರಿ
ಓದಿ ಇಂಗ್ಲಿಷಿಗೆ ಇಳಿಸಿ ರುಜು ಹಾಕಿದರು:

"ಅಮ್ಮಾ, ಕೆಂಪು ಶಿಲುಬೆಯ ಚೀಲ ಕೊಟ್ಟಿದ್ದಾರೆ.
ಏನೂ ಭಾರವಿಲ್ಲ. ಅಪ್ಪನಿಗೆ ಹೇಳಬೇಡ.
ಏಲಕ್ಕಿ ಬ್ರೆಡ್ಡು ಕಳಿಸಬೇಡ,
ಬರುವಷ್ಟರಲ್ಲಿ ಕಲ್ಲಾಗಿರುತ್ತದೆ."

ತಾರೀಖು ಇತ್ತು. ತುಕಡಿಯ ನಂಬರಿತ್ತು.
ತಾಯಿಗೆ ಹೇಳಿದ ಸುಳ್ಳು, ಭಾರವಿಲ್ಲ ಎಂಬುದು,
ಅದೂ ಲಗತ್ತಾಯಿತು.

ಮರುವರ್ಷದ ಮೇ ತಿಂಗಳಲ್ಲಿ ಬಂತು:
ಒಂದು ಹಾಳೆ, ಒಂದು ಪುಟ್ಟ ಪೆಟ್ಟಿಗೆ.
ಬೆಳ್ಳಿಬಣ್ಣದ ಸ್ಟ್ರೆಚರು, ಅದಕ್ಕಡ್ಡ
ಹಾವು ಸುತ್ತಿದ ಕೋಲು, ಸುತ್ತ ಓಕ್ ಎಲೆ.
ಅರ್ಕಾನ್ಸಾಗೆ ಫೋನು ಮಾಡಿದೆ.
ರಿಂಗಾಯಿತು, ಬಹಳ ಹೊತ್ತು.

ತೌನೋ ಪೆಟ್ಟಿಗೆ ತೆರೆದು, ಮುಚ್ಚಿ, ಬದಿಗಿಟ್ಟರು.
ಹಾಳೆಯನ್ನು ಬೆಳಕಿಗೆ ಹಿಡಿದರು.
"ಅಡುಗೆಯವನು ಅನ್ನೋದನ್ನ ಹೊಡೆದುಹಾಕಿದಿರಾ?"

"ಇಲ್ಲ. ಈ ಹಾಳೆ ಏನನ್ನೂ ಅಳಿಸುವುದಿಲ್ಲ,
ಸೇರಿಸುತ್ತದೆ, ಅಷ್ಟೆ."

"ಒಳ್ಳೇದಾಯ್ತು," ಎಂದರು.
"ಇಡೀ ದಿನ ಚೀಲ ಹೊತ್ತು
ರಾತ್ರಿ ಸೂಪು ಕುದಿಸುತ್ತಿದ್ದವನೂ ನಾನೇ.
ಕೈ ತೊಳೆಯೋಣ ಅಂದರೆ
ನೀರೆಲ್ಲ ಹೆಪ್ಪುಗಟ್ಟಿರುತ್ತಿತ್ತು."

ನಾನು ಏನೂ ಕೇಳಲಿಲ್ಲ.
ಮುಟ್ಟಿದ್ದಕ್ಕೆ ರಸೀತಿ ಮುಂದಿಟ್ಟೆ.
ರುಜು ಹಾಕಿದರು ನಿಧಾನಕ್ಕೆ, ಒತ್ತಿ ಒತ್ತಿ,
ಅಡಿಯಲ್ಲಿ ಕಾರ್ಬನ್ ಇಟ್ಟಿದೆಯೋ ಎಂಬಂತೆ,
ಕೆಳಗಿನ ಹಾಳೆಗೂ ಮೂಡಲಿ ಎಂಬಂತೆ.